ಹಿಮ ಕಾಣದ ಭಾವ ಮತ್ತು ಹನ್ನೆರಡು ಗೇಟುಗಳು

ನಮ್ಮ ಭಾವ ಪರಿಚಯವಾದ ಹತ್ತು ನಿಮಿಷದೊಳಗೆ ನಿಮ್ಮನ್ನು ಡಿಸ್‌ಕ್ವಾಲಿಫೈ ಮಾಡಲಿಲ್ಲ ಎಂದರೆ, ಒಂದೋ ಅವರಿಗೆ ಮೈ ಹುಷಾರಿಲ್ಲ, ಇಲ್ಲವೇ ನೀವು ಮಾತಾಡಿದ್ದು ಬೇರೆ ಯಾರ ಭಾವನ ಜೊತೆಗೋ! ನಾನಂತೂ ಲೆಕ್ಕವಿಲ್ಲದಷ್ಟು ಸಲ ಆಗಿದ್ದೇನೆ. ಹೊಸ್ತಿಲಿನ ಒಳಗೊಂದು ಹೊರಗೊಂದು ಚಪ್ಪಲಿ ಬಿಟ್ಟಿದ್ದಕ್ಕೆ ಒಮ್ಮೆ. ಎರಡನೇ ಲೋಟ ಕಾಫಿಗೆ ಮೊದಲನೆಯದು ಮುಗಿಯುವ ಮುಂಚೆಯೇ ಕೈ ಚಾಚಿದ್ದಕ್ಕೆ ಒಮ್ಮೆ. "ತಪ್ಪು ಆರಂಭ! ಔಟ್!" ಎಂದು ಅವರು ತೋರುಬೆರಳು ಎತ್ತಿದಾಗ ನನ್ನ ಚಾಚಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತ್ತು.

ವಿಷಯ ಇಷ್ಟೆ. ಹಿಮದ ಬೆಟ್ಟದಿಂದ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಿ ಇಳಿಯುವ ಸ್ಪರ್ಧೆ ಇದೆಯಲ್ಲ, ಆಲ್ಪೈನ್ ಸ್ಕೀಯಿಂಗ್, ಅದರ ನಿಯಮಗಳೆಲ್ಲ ನಮ್ಮ ಭಾವನಿಗೆ ಬಾಯಿಪಾಠ. ಹಾಗಾದರೆ ಅವರು ಹಿಮ ಕಂಡವರೇ? ಎಲ್ಲಿಯ ಹಿಮ ಸ್ವಾಮಿ! ಹುಟ್ಟಿದ್ದು ಮಂಡ್ಯ, ಓದಿದ್ದು ಮೈಸೂರು, ಹದಿನೆಂಟು ವರ್ಷದಿಂದ ಇರುವುದು ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ. ಇಲ್ಲಿಂದ ಬೆಳಗ್ಗೆ ತಿಂಡಿ ತಿಂದು ಕಾರಿನಲ್ಲಿ ಹೊರಟರೆ ಊಟದ ಹೊತ್ತಿಗೆ ಭೂಮಧ್ಯರೇಖೆ! ಆಕಾಶ ತಿಳಿಯಾಗಿದ್ದರೆ ಕೀನ್ಯಾ ಬೆಟ್ಟದ ನೆತ್ತಿಯ ಬಿಳುಪು ಊರಿಂದಲೇ ಕಾಣುತ್ತದಂತೆ. ಭಾವ ತಾರಸಿ ಹತ್ತಿದ ದಿನವೆಲ್ಲ ಮೋಡ. ಅವರು ಕೈಯಾರೆ ಮುಟ್ಟಿದ ಹಿಮ ಎಂದರೆ ಅಕ್ಕನ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣಕ್ಕೆ ಅಂಟಿಕೊಂಡದ್ದು ಮಾತ್ರ.

ಶುರುವಾದದ್ದು ಬಚ್ಚಲಲ್ಲಿ. ಸೋಪಿನ ತುಂಡಿನ ಮೇಲೆ ಕಾಲಿಟ್ಟ ಭಾವ ಬಾಗಿಲಿಂದ ನಲ್ಲಿಯವರೆಗೆ ನಿಂತ ಭಂಗಿಯಲ್ಲೇ ಜಾರಿ ಹೋಗಿ ಕಣಕಾಲು ಮುರಿದುಕೊಂಡರು. ಮೂರು ವಾರ ಸೋಫಾ, ಕಾಲಿಗೆ ಪ್ಲಾಸ್ಟರು, ಕೈಗೆ ರಿಮೋಟು. ಅಂಥ ಹೊತ್ತಲ್ಲಿ ಟಿವಿಯಲ್ಲಿ ಬಂದಿತು ನೋಡಿ, ಬಿಳಿ ಬೆಟ್ಟ, ಕೆಂಪು ನೀಲಿ ಕಂಬಗಳು, ನಡುನಡುವೆ ಹಾವಿನಂತೆ ನುಸುಳುತ್ತಾ ಇಳಿಯುವ ಜನ! ಮೊದಲ ದಿನ ಭಾವ ಚಾನೆಲ್ ಬದಲಿಸಲು ಸೋಮಾರಿತನವಾಗಿ ನೋಡಿದರು. ಎರಡನೇ ದಿನ ಒಬ್ಬ ಎಲ್ಲರಿಗಿಂತ ಬೇಗ ಇಳಿದೂ ಒಂದು ಕಂಬ ತಪ್ಪಿದ್ದಕ್ಕೆ ಔಟಾದ. ಭಾವ ಪ್ಲಾಸ್ಟರು ಸಮೇತ ಎದ್ದು ನಿಂತರಂತೆ! "ಇದು ಕಣೇ ಆಟ! ಇಲ್ಲಿ ನಿಯಮಕ್ಕೆ ಬೆಲೆ ಇದೆ!"

ಅವರಿಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಭಾವ ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥರು. ಅಲ್ಲಿ ಲೇಬಲ್ ಇಲ್ಲದ ವಸ್ತು ಇರುವಂತಿಲ್ಲ. ಬಕೆಟ್ಟಿನ ಮೇಲೆ ಬಕೆಟ್ ಎಂದು ಬರೆದಿರಬೇಕು, ಪೊರಕೆಯ ಮೇಲೆ ಪೊರಕೆ ಎಂದು. ಮನೆಯಲ್ಲೂ ಅದೇ ಶಿಸ್ತು. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಬಿಡಿ, ಅವರ ಮನೆಯ ಕಿಟಕಿಗೆ 'ವಿಂಡೋ' ಎಂದು ಇಂಗ್ಲಿಷಿನಲ್ಲಿ ಲೇಬಲ್ ಇದೆ! ಕಪ್ಪು ಅಂಚಿನ ಬಿಳಿ ಚೀಟಿ, ದಪ್ಪ ಅಕ್ಷರ. ನಮ್ಮಕ್ಕನ ಹಣೆಗೆ ಒಂದು ಅಂಟಿಸಿಲ್ಲ, ಅಷ್ಟೆ. ಈ ಲೇಬಲ್ಲುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಇವು ನಮ್ಮ ಮಾನ ತೆಗೆಯಲಿವೆ.

ಕಾಲು ಕೂಡಿಕೊಂಡ ಮೇಲೆ ಭಾವ ಮಾಡಿದ ಮೊದಲ ಕೆಲಸ, ಸಿಬಿಡಿಯ, ಅಂದರೆ ಊರ ನಡುವಿನ ಪೇಟೆಯ, ಒಂದು ಅಂಗಡಿಯಲ್ಲಿ ಇಡೀ ನಿಯಮಾವಳಿಯನ್ನು ಪ್ರಿಂಟ್ ತೆಗೆಸಿ ಸುರುಳಿ ತಂತಿ ಹಾಕಿಸಿದ್ದು. ಅಂದಿನಿಂದ ಆ ಮನೆಗೆ ಹೋದವರಿಗೆಲ್ಲ ಪಾಠ. ಯುಗಾದಿ ಊಟಕ್ಕೆ ಹೊಸದಾಗಿ ಊರಿಂದ ಬಂದ ಡಾಕ್ಟರ ದಂಪತಿಯನ್ನು ಕರೆದಿದ್ದರು. ಪಾಪ, ಆ ಡಾಕ್ಟರು ಮರ್ಯಾದೆಗೆ ಒಂದು ಮಾತು ಕೇಳಿಬಿಟ್ಟರು, "ಅಲ್ಲಾ ಸಾರ್, ಇದರಲ್ಲಿ ಎಷ್ಟು ವಿಧ?"

ಆಮೇಲೆ ನಡೆದದ್ದನ್ನು ನೋಡಿ ನನ್ನ ಬಾಯಿಯ ಒಬ್ಬಟ್ಟು ಬಾಯಲ್ಲೇ ಉಳಿಯಿತು. ಭಾವ ಡಾಕ್ಟರ ಎಲೆಯ ಮೇಲಿದ್ದ ಅನ್ನವನ್ನು ಎರಡೂ ಕೈಯಿಂದ ಒಟ್ಟಿ ಬೆಟ್ಟ ಮಾಡಿದರು! ಹುಳಿಯಿಂದ ನುಗ್ಗೆಕಾಯಿ ಹೋಳುಗಳನ್ನು ಒಂದೊಂದಾಗಿ ಆರಿಸಿ ಬೆಟ್ಟದ ಇಳಿಜಾರಿಗೆ ಜೋಡಿ ಜೋಡಿಯಾಗಿ ನೆಟ್ಟರು!

"ನೋಡಿ ಡಾಕ್ಟ್ರೇ, ಎರಡು ಕಂಬ ಸೇರಿದ್ರೆ ಒಂದು ಗೇಟು. ಎರಡು ಸ್ಕೀ ತುದೀನೂ, ಎರಡು ಪಾದಾನೂ ಈ ಗೆರೆ ದಾಟ್ಬೇಕು. ಗೇಟು ಒತ್ತೊತ್ತಾಗಿದ್ರೆ ಸ್ಲಾಲಂ. ನಮ್ಮ ಮಟಾಟು ವ್ಯಾನು ಜನ ತುಂಬ್ಕೊಂಡು ಪಂಗಾನಿ ಸರ್ಕಲ್ಲಲ್ಲಿ ನುಗ್ಗುತ್ತಲ್ಲ, ಹಾಗೆ. ಸ್ವಲ್ಪ ದೂರ ಇದ್ರೆ ಜಯಂಟ್ ಸ್ಲಾಲಂ. ಇನ್ನೂ ದೂರ, ಇನ್ನೂ ವೇಗ ಅಂದ್ರೆ ಸೂಪರ್ ಜಿ. ಡೌನ್‌ಹಿಲ್ ಅಂದ್ರೆ ಭಾನುವಾರ ಬೆಳಗ್ಗೆ ಆರು ಗಂಟೆ ಮೊಂಬಾಸಾ ರೋಡು, ತಡೆಯೋರೇ ಇಲ್ಲ! ಮೊದಲನೆಯ ಎರಡಕ್ಕೆ ಎರಡೆರಡು ಸಲ ಇಳೀಬೇಕು, ಸಮಯ ಕೂಡಿಸ್ತಾರೆ. ಉಳಿದೆರಡಕ್ಕೆ ಒಂದೇ ಸಲ. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಗೆದ್ದೋರು ಸೋತೋರು ತೀರ್ಮಾನ!"

"ಗೇಟು ತಪ್ಪಿದ್ರೆ?" ಎಂದರು ಡಾಕ್ಟರು, ಅನ್ನವನ್ನೇ ದಿಟ್ಟಿಸುತ್ತಾ.

"ಸ್ಲಾಲಂನಲ್ಲಾದ್ರೆ ಒಂದು ದಾರಿ ಇದೆ. ವಾಪಸ್ ಬೆಟ್ಟ ಹತ್ತಿ, ತಪ್ಪಿದ ಗೇಟನ್ನೇ ಸರಿಯಾಗಿ ದಾಟಿ, ಮತ್ತೆ ಇಳೀಬಹುದು."

"ಅಷ್ಟೊತ್ತಿಗೆ ಸೋತೇ ಹೋಗಿರ್ತಾರಲ್ಲ ಸಾರ್?"

"ಸೋತಿರ್ತಾರೆ. ಆದ್ರೆ ಔಟ್ ಆಗಿರಲ್ಲ! ಆದ್ರೆ ಯಾರದ್ದೂ ಕೈ ಹಿಡ್ಕೊಂಡು ಹತ್ತೋ ಹಾಗಿಲ್ಲ. ಹೊರಗಿನವರ ಸಹಾಯ ತಗೊಂಡ್ರೆ ಅಲ್ಲಿಗೆ ಮುಗೀತು."

ಅಕ್ಕ ಸಾರಿನ ಸೌಟು ಹಿಡಿದು ನಿಂತಿದ್ದಳು. "ಅವರಿಗೆ ಸಾರು ಬಡಿಸ್ಲಾ?"

"ಬೇಡ ಬೇಡ, ಟ್ರ್ಯಾಕ್ ಕೊಚ್ಚಿಹೋಗುತ್ತೆ!"

ಆ ಡಾಕ್ಟರು ಅಂದು ಉಂಡದ್ದು ಪಾಯಸ ಮಾತ್ರ.

ಚರಿತ್ರೆಯ ಪಾಠವೂ ಇತ್ತು. ಸ್ಲಾಲಂ ಎಂಬುದು ನಾರ್ವೆಯವರ ಮಾತಂತೆ, ಇಳಿಜಾರಿನ ಜಾಡು ಎಂದು ಅರ್ಥವಂತೆ. ಅಲ್ಲಿಯವರಿಗೆ ಹಲಗೆ ಕಟ್ಟಿಕೊಂಡು ಹೋಗುವುದು ಬೇಟೆಗೆ, ಪೇಟೆಗೆ, ದಿನದ ಓಡಾಟಕ್ಕೆ. ಆಮೇಲೆ ಸ್ವಿಸ್ ಬೆಟ್ಟಗಳಿಗೆ ರಜೆಗೆ ಹೋದ ಇಂಗ್ಲಿಷರು ಜೋಡಿ ಕಂಬ ನೆಟ್ಟು, ಗಡಿಯಾರ ಹಿಡಿದು ಕೂತರಂತೆ. ಅದಕ್ಕೂ ಮೊದಲು ಇಳಿಯುವ ಚೆಂದಕ್ಕೂ ಅಂಕ ಇತ್ತು. ಇವರು ಬಂದು, ಚೆಂದ ಗಿಂದ ಏನೂ ಬೇಡ, ಗೇಟು ದಾಟಿದರೋ ಇಲ್ಲವೋ, ಎಷ್ಟು ಹೊತ್ತಾಯಿತು, ಅಷ್ಟು ಹೇಳಿ ಸಾಕು ಎಂದರು. ಇಲ್ಲಿಗೆ ಬಂದಾಗ ಭಾವನ ಕಣ್ಣು ಮಿಂಚುತ್ತಿತ್ತು.

"ಯೋಚನೆ ಮಾಡಯ್ಯ. ಇಂಗ್ಲಿಷರಿಗೆ ಸ್ವಂತದ್ದು ಅಂತ ಒಂದು ಸರಿಯಾದ ಹಿಮದ ಬೆಟ್ಟ ಇಲ್ಲ. ಆದ್ರೂ ನಿಯಮ ಬರೆದೋರು ಅವರು! ಹಿಮ ಇಲ್ಲದಿರೋದೇ ಅರ್ಹತೆ ಅಂದ್ರೆ ನನಗಿಂತ ಅರ್ಹ ಇನ್ಯಾರಿದ್ದಾನೆ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ವಾದ ಮಾಡುವುದೇ ನನ್ನ ಹೊಟ್ಟೆಪಾಡು. ಆದರೂ ತಲೆಯಾಡಿಸಿ ಕಾಫಿ ಲೋಟ ಎತ್ತಿಕೊಂಡೆ!

ಇಷ್ಟಾದರೂ ಎಲ್ಲ ಮಾತಿನಲ್ಲೇ ಇತ್ತು. ಅದು ಬೀದಿಗೆ ಬಂದದ್ದು ಅವರ ಮಗಳಿಂದ. ನಮ್ಮ ಪುಟ್ಟಿಗೆ ಹದಿಮೂರು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಗಾಲಿ ಸ್ಕೇಟಿಂಗ್ ಎಂದರೆ ಪ್ರಾಣ. ಭಾನುವಾರ ಬೆಳಗ್ಗೆ ಸಿಬಿಡಿ ಖಾಲಿ ಹೊಡೆಯುವಾಗ ಒಂದು ಪಾರ್ಕಿಂಗ್ ಜಾಗದಲ್ಲಿ ಮಕ್ಕಳೆಲ್ಲ ಸೇರಿ ಕಲಿಯುತ್ತಾರೆ. ಅಲ್ಲಿ ಸ್ಲಾಲಂ ಸ್ಪರ್ಧೆ ಇಡುತ್ತಾರೆಂದು ಅವಳು ಹೇಳಿದ್ದೇ ತಡ, ಭಾವ ಕುರ್ಚಿಯಿಂದ ಎದ್ದರು. ಮರುದಿನದಿಂದ ಹಿತ್ತಿಲಲ್ಲಿ ಗರಗಸದ ಸದ್ದು. ಪ್ಲಾಸ್ಟಿಕ್ ಕೊಳವೆ ಕತ್ತರಿಸಿ, ಮರಳು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿ, ಇಪ್ಪತ್ತನಾಲ್ಕು ಕಂಬ ತಯಾರಿಸಿದರು. ಹನ್ನೆರಡು ಗೇಟು! ಸರಿ, ಕಂಬವಾಯಿತು. ಲೇಬಲ್ ಬೇಡವೇ? ಕಾರ್ಖಾನೆಯ ಶಿಸ್ತು ಬಿಡಲಾಗುತ್ತದೆಯೇ? ಪ್ರತಿ ಕಂಬಕ್ಕೂ ಕಪ್ಪು ಅಂಚಿನ ಬಿಳಿ ಚೀಟಿ ಅಂಟಿಸಿ, ಕಂಬಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅದನ್ನೇ ದಪ್ಪಗೆ ಬರೆದರು. ಪೋಲ್.

ನೈರೋಬಿ ಬಲ್ಲವರಿಗೆ ಇಷ್ಟರಲ್ಲೇ ಎದೆ ಧಸಕ್ಕೆಂದಿರುತ್ತದೆ. ಅರಿಯದವರಿಗಾಗಿ ಹೇಳುತ್ತೇನೆ. ಅವೇ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿಯವರು ಓದುವುದು 'ಪೋಲೆ' ಎಂದು. ಸ್ವಾಹಿಲಿಯಲ್ಲಿ ಪೋಲೆ ಎಂದರೆ ಅಯ್ಯೋ ಪಾಪ, ನಿಮಗೆ ಹೀಗಾಗಬಾರದಿತ್ತು, ನನಗೆ ತುಂಬ ಬೇಜಾರಾಯಿತು, ತಪ್ಪಾಯಿತು, ಎಲ್ಲವೂ. ಕಾಲು ಎಡವಿದರೆ ಪೋಲೆ. ಮನೆಯಲ್ಲಿ ಸಾವಾದರೆ ಪೋಲೆ ಸಾನಾ!

ಶನಿವಾರ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಪುಟ್ಟಿಯ ಅಭ್ಯಾಸಕ್ಕೆಂದು ಅಕ್ಕನ ಮನೆ ಗೇಟಿನಿಂದ ರಸ್ತೆಯುದ್ದಕ್ಕೆ ಎರಡು ಸಾಲು ಕಂಬ, ಅವಕ್ಕೆ ಕಪ್ಪು ಅಂಚಿನ ಚೀಟಿಗಳು, ಒಂದೊಂದರ ಮೇಲೂ ಪೋಲೆ, ಪೋಲೆ, ಪೋಲೆ! ಮೊದಲು ಬಡಾವಣೆಯ ಅಸ್ಕಾರಿ, ಅಂದರೆ ಕಾವಲುಗಾರರು, ಟೋಪಿ ತೆಗೆದು ಎದೆಗೆ ಹಿಡಿದು ನಿಂತರು. ಆಮೇಲೆ ಎದುರು ಮನೆಯ ನಿವೃತ್ತ ಟೀಚರಮ್ಮ, ನಾವೆಲ್ಲ ಇಲ್ಲಿಯ ರೂಢಿಯಂತೆ ಮ್ವಾಲಿಮು ಎಂದು ಕರೆಯುತ್ತೇವೆ, ಬ್ರೆಡ್ಡು, ಸಕ್ಕರೆ, ಹಾಲಿನ ಪೊಟ್ಟಣ ಹಿಡಿದು ಬಂದರು. ಹಿಂದೆ ಇನ್ನೂ ನಾಲ್ಕು ಮಂದಿ. ಎಲ್ಲರ ಮುಖ ಸಣ್ಣಗಾಗಿದೆ. ಮ್ವಾಲಿಮು ಅಕ್ಕನನ್ನು ತಬ್ಬಿಕೊಂಡು ಅತ್ತೇಬಿಟ್ಟರು! "ಯಾರೋ ಹೋದದ್ದು? ಊರಿಂದ ಫೋನ್ ಬಂತೇನೋ? ನನಗ್ಯಾಕೆ ಹೇಳ್ಲಿಲ್ಲ?" ಎಂದು ಅಕ್ಕ ನನ್ನ ಅಂಗಿ ಹಿಡಿದು ಅಲ್ಲಾಡಿಸುತ್ತಾಳೆ. ನನಗೇನು ಗೊತ್ತು? ನಾನೂ ಅಳಲು ತಯಾರಾದೆ.

ಅಷ್ಟರಲ್ಲಿ ಭಾವ ಅಳತೆ ಟೇಪು ಹಿಡಿದು ನಗುನಗುತ್ತಾ ಬಂದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ತಾತ್ಪರ್ಯ ಕೊಡುತ್ತೇನೆ.

"ಪೋಲೆ ಸಾನಾ. ಒಂದೇ ಆದರೂ ತಡೆದುಕೊಳ್ಳುವುದು ಕಷ್ಟ," ಎಂದರು ಮ್ವಾಲಿಮು, ಕಣ್ಣೊರೆಸಿಕೊಳ್ಳುತ್ತಾ.

"ಒಂದೇ? ಒಂದರಲ್ಲಿ ಏನಾಗುತ್ತೆ! ಇಪ್ಪತ್ತನಾಲ್ಕು! ಹನ್ನೆರಡು ಜೋಡಿ!" ಎಂದರು ಭಾವ ಹೆಮ್ಮೆಯಿಂದ. "ಎಲ್ಲಾ ನಾನೇ ಕತ್ತರಿಸಿದ್ದು, ಹಿತ್ತಿಲಲ್ಲಿ!"

ಮ್ವಾಲಿಮು ಕೈಯಿಂದ ಹಾಲಿನ ಪೊಟ್ಟಣ ಜಾರಿ ಒಡೆಯಿತು. ಅಸ್ಕಾರಿ ಎರಡು ಹೆಜ್ಜೆ ಹಿಂದೆ ಸರಿದರು. ನಿಜ ಸಂಗತಿ ತಿಳಿಸಿ ಎಲ್ಲರನ್ನೂ ನಗಿಸಿ ಟೀ ಕೊಟ್ಟು ಕಳಿಸುವಷ್ಟರಲ್ಲಿ ಅಕ್ಕನಿಗೆ ಸಾಕುಸಾಕಾಯಿತು. "ರೀ, ಈಗಲೇ ಹೋಗಿ ಆ ಚೀಟಿ ಕಿತ್ತುಬಿಡಿ. ನಮ್ಮ ಮನೇಲಿ ಯಾರೂ ಸತ್ತಿಲ್ಲ!" ಎಂದಳು. ಇಪ್ಪತ್ತನಾಲ್ಕನ್ನೂ ಕಿತ್ತು, ಭಾವ ಜೋಪಾನವಾಗಿ ಒಂದು ಡಬ್ಬಿಯಲ್ಲಿಟ್ಟು, ಡಬ್ಬಿಗೆ 'ಲೇಬಲ್' ಎಂದು ಲೇಬಲ್ ಅಂಟಿಸಿದರು!

ಇಲ್ಲಿಯವರೆಗೆ ನಕ್ಕಿರಲ್ಲ, ಇನ್ನು ಸ್ವಲ್ಪ ಕಷ್ಟ.

ಸ್ಪರ್ಧೆಯ ಭಾನುವಾರ ಬಂತು. ಭಾವನ ಉತ್ಸಾಹ ಕಂಡು ಅಲ್ಲಿಯ ತರಬೇತುದಾರರು ಅವರನ್ನೇ ಏಳನೇ ಗೇಟಿನ ಜಡ್ಜ್ ಮಾಡಿ ಕೈಗೆ ಕಿತ್ತಳೆ ಬಾವುಟ ಕೊಟ್ಟಿದ್ದರು. ಎರಡು ಸುತ್ತು. ಮೊದಲ ಸುತ್ತಿನಲ್ಲಿ ನಮ್ಮ ಪುಟ್ಟಿ ಎಲ್ಲರಿಗಿಂತ ಮುಂದೆ! ಎರಡನೇ ಸುತ್ತಿನಲ್ಲಿ ಅವಳದ್ದೇ ಕೊನೆಯ ಸರದಿ, ಮುಂದಿದ್ದವರನ್ನು ಹಾಗೆ ಕೊನೆಗೆ ಬಿಡಬೇಕೆಂದು ಹಟ ಹಿಡಿದದ್ದೂ ಭಾವನೇ. ಅವಳು ಬಂದಳು ನೋಡಿ! ಸೊಂಟ ತಗ್ಗಿಸಿ, ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಾ ಬಂದ ಚೆಂದಕ್ಕೆ ನಾನು ಚಪ್ಪಾಳೆ ತಟ್ಟುತ್ತಲೇ ಇದ್ದೆ. ಗೆರೆ ದಾಟಿದಳು. ಎಲ್ಲರಿಗಿಂತ ಕಡಿಮೆ ಸಮಯ! ಎರಡೂ ಕೈ ಮೇಲೆತ್ತಿ, ತಿರುಗಿ, ಮೊದಲು ನೋಡಿದ್ದು ಅಪ್ಪನ ಕಡೆಗೆ.

ಅಪ್ಪನ ಕೈಯಲ್ಲಿ ಕಿತ್ತಳೆ ಬಾವುಟ ಎದ್ದಿತ್ತು.

ಏಳನೇ ಗೇಟಿನಲ್ಲಿ ಅವಳ ಒಂದು ಕಾಲು ಕಂಬದ ಒಳಗೆ, ಇನ್ನೊಂದು ಕಾಲು ಹೊರಗೆ ಹೋಗಿತ್ತಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆದದ್ದು, ನಮಗ್ಯಾರಿಗೂ ಕಾಣಲಿಲ್ಲ, ಅವಳಿಗೂ ತಿಳಿಯಲಿಲ್ಲ. ಭಾವನೊಬ್ಬರಿಗೆ ಕಂಡಿತು. ಸ್ವಂತ ಮಗಳು! ನನಗೆ ಆದ ಆಘಾತ ಎಷ್ಟೆಂದರೆ, "ಭಾವ, ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಟವರೆಲ್ಲ ಔಟ್ ಅನ್ನೋದಾದ್ರೆ ಈ ಊರಿನ ನಾವೆಲ್ಲ ಔಟೇ!" ಎಂದು ಪಾರ್ಕಿಂಗ್ ಜಾಗ ಪ್ರತಿಧ್ವನಿಸುವಂತೆ ಕೂಗಿಬಿಟ್ಟೆ. ಅವರು ಕದಲಲಿಲ್ಲ. "ನಿಯಮ ನಿಯಮ," ಎಂದರು.

ಕಾರಿನಲ್ಲಿ ಪುಟ್ಟಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಡಿಡ್ ಯು ಸೀ ದಿ ಅದರ್ ಇಲೆವೆನ್, ಅಪ್ಪಾ?" ಉಳಿದ ಹನ್ನೊಂದು ಗೇಟು ನೋಡಿದೆಯಾ?

"ಗೇಟ್ ಜಡ್ಜ್ ತನ್ನ ಗೇಟು ಬಿಟ್ಟು ಬೇರೆ ಕಡೆ ನೋಡಬಾರದು ಪುಟ್ಟಿ," ಎಂದರು ಭಾವ.

ಅಷ್ಟೆ. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಸ್ಕೇಟುಗಳು ಅಟ್ಟ ಸೇರಿದವು. ಒಂದು ವಾರ, ಎರಡು ವಾರ, ಐದು ವಾರ! ನನಗೆ ಭಾವನ ಮೇಲೆ ಕೆಂಡದಂಥ ಸಿಟ್ಟಿತ್ತು. ಆದರೆ ಅಕ್ಕ ಒಂದು ದಿನ ಫೋನ್ ಮಾಡಿ ಹೇಳಿದ್ದು ಕೇಳಿ ಸಿಟ್ಟು ಇಳಿದು ಹೆದರಿಕೆ ಹತ್ತಿತು.

"ಇವತ್ತು ಕಾಫಿ ಕಾಲು ಗಂಟೆ ಲೇಟಾಗಿ ಕೊಟ್ಟೆ ಕಣೋ. ಬೇಕೂಂತಲೇ ಕೊಟ್ಟೆ. ಏನೂ ಅನ್ಲಿಲ್ಲ. ಸುಮ್ನೆ ಕುಡಿದ್ರು. ಡಾಕ್ಟರಿಗೆ ತೋರಿಸೋಣ್ವಾ?"

ಐದು ವಾರದಲ್ಲಿ ಭಾವ ಯಾರನ್ನೂ ಡಿಸ್‌ಕ್ವಾಲಿಫೈ ಮಾಡಿರಲಿಲ್ಲ. ಆ ಮನೆಯ ಮೌನಕ್ಕಿಂತ ನುಗ್ಗೆಕಾಯಿ ಬೆಟ್ಟವೇ ವಾಸಿಯಿತ್ತು ಅನ್ನಿಸಿತು ನನಗೆ.

ಆರನೇ ಭಾನುವಾರ ಬೆಳಗ್ಗೆ ಮತ್ತೆ ಅಕ್ಕನ ಫೋನು. "ಬೇಗ ಬಾರೋ! ಇವರು ಮತ್ತೆ ಚೀಟಿ ಅಂಟಿಸಿದ್ದಾರೆ!" ನಾನಿರುವ ಪಂಗಾನಿಯಿಂದ ಹೇಗೆ ಬಂದೆನೋ ಗೊತ್ತಿಲ್ಲ. ಬಂದು ನೋಡಿದರೆ ರಸ್ತೆಯ ಏರಿನಿಂದ ಅಕ್ಕನ ಮನೆಯ ಗೇಟಿನವರೆಗೆ ಹನ್ನೆರಡು ಜೋಡಿ ಕಂಬ, ಇಪ್ಪತ್ತನಾಲ್ಕು ಕಪ್ಪು ಅಂಚಿನ ಚೀಟಿ, ಎಲ್ಲ ಚೀಟಿಯ ಮುಖವೂ ಪುಟ್ಟಿಯ ಕೋಣೆಯ ಕಿಟಕಿಯ ಕಡೆಗೆ. ಮ್ವಾಲಿಮು ಈ ಸಲ ಹಾಲು ತಂದಿರಲಿಲ್ಲ, ಕುರ್ಚಿ ತಂದಿದ್ದರು. ಮತ್ತು ಏರಿನ ತುದಿಯಲ್ಲಿ, ಸ್ವಾಮಿ, ಏನು ಹೇಳಲಿ! ತಲೆಗೆ ಹೆಲ್ಮೆಟ್ಟು, ಮಂಡಿಗೆ ದಿಂಬು ಕಟ್ಟಿಕೊಂಡು, ಯಾರದ್ದೋ ಗಾಲಿ ಸ್ಕೇಟ್ ಎರವಲು ತೊಟ್ಟು, ಐವತ್ತೆರಡು ವರ್ಷದ ನಮ್ಮ ಭಾವ ನಿಂತಿದ್ದರು!

ಒಮ್ಮೆ ಸೋಪಿನ ಮೇಲೆ ಜಾರಿದ್ದು ಬಿಟ್ಟರೆ ಜನ್ಮದಲ್ಲಿ ಜಾರಿದವರಲ್ಲ. "ರೀ, ಬೇಡಾ ರೀ, ಆ ಕಾಲು!" ಎಂದು ಅಕ್ಕ ಕಿರುಚಿದಳು. "ಪೋಲೆ ಪೋಲೆ, ಮ್ಜೇ!" ಎಂದು ಅಸ್ಕಾರಿ ಕೂಗಿದರು. ಎರಡು ಸಲ ಹೇಳಿದರೆ ಪೋಲೆಗೆ ಬೇರೆಯೇ ಅರ್ಥ, ನಿಧಾನ, ನಿಧಾನ, ಯಜಮಾನರೇ! ಭಾವ ಹೊರಟರು. ಮೊದಲ ಗೇಟಿನಲ್ಲೇ ಬಿದ್ದರು. ಎದ್ದರು. ಮೂರನೆಯದರಲ್ಲಿ ಕಂಬವನ್ನು ತಬ್ಬಿಕೊಂಡು ಬಿದ್ದರು. ಎದ್ದರು. ಚೆಂದಕ್ಕೆ ಅಂಕವಿಲ್ಲದ್ದು ಎಷ್ಟು ಒಳ್ಳೆಯದಾಯಿತು!

ಏಳನೇ ಗೇಟು. ಒಂದು ಕಾಲು ಒಳಗೆ ಹೋಯಿತು. ಇನ್ನೊಂದು ಹೊರಗೆ.

ಭಾವ ನಾಲ್ಕು ಮಾರು ಕೆಳಗೆ ಹೋಗಿ ಹೇಗೋ ನಿಂತರು. ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಪುಟ್ಟಿ ಹೊರಗೆ ಬಂದಳು. ಕಾಲಿಗೆ ಸ್ಕೇಟು, ಕೈಯಲ್ಲಿ ಅಡುಗೆಮನೆಯ ಕಿತ್ತಳೆ ಬಣ್ಣದ ಒರೆಸುವ ಬಟ್ಟೆ. ಅದನ್ನು ನೆಟ್ಟಗೆ ಮೇಲೆತ್ತಿದಳು.

"ಗೇಟ್ ಸೆವೆನ್, ಅಪ್ಪಾ. ಯು ಮಿಸ್ಡ್ ಇಟ್."

ಐದು ವಾರದ ಮೇಲಿನ ಮೊದಲ ಮಾತು. ಭಾವ ತಲೆಯಾಡಿಸಿದರು. ಬೋರಲಾಗಿ, ಅಂಗೈ ಮಂಡಿ ಊರಿ, ಆ ಏರನ್ನು ಅಂಬೆಗಾಲಿನಲ್ಲಿ ಹತ್ತತೊಡಗಿದರು. ಒಂದು ಅಡಿ ಹತ್ತಿದರೆ ಗಾಲಿ ಅರ್ಧ ಅಡಿ ಹಿಂದಕ್ಕೆ ಎಳೆಯುತ್ತಿತ್ತು. ಯಾರೂ ನಗಲಿಲ್ಲ. ಏಳನೇ ಗೇಟಿನ ಮೇಲಕ್ಕೆ ಹೋಗಿ, ಕಂಬ ಹಿಡಿದು ಎದ್ದು, ಎರಡೂ ಕಾಲನ್ನು ಒಳಗಿಟ್ಟು ದಾಟಿದರು. ಆಮೇಲೆ ಆ ಚೀಟಿಯ ಮೇಲೆ ಕೈಯಿಟ್ಟು ಅದನ್ನು ಗಟ್ಟಿಯಾಗಿ ಓದಿದರು. ಇಂಗ್ಲಿಷಿನಲ್ಲಿ ಅಲ್ಲ.

"ಪೋಲೆ, ಪುಟ್ಟಿ. ಆ ಹನ್ನೊಂದು ಗೇಟು ನಾನು ನೋಡ್ಬೇಕಿತ್ತು."

ನಮ್ಮಕ್ಕನನ್ನು ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಭಾವ ಯಾರಿಗೂ ಯಾವ ಭಾಷೆಯಲ್ಲೂ ಸಾರಿ ಎಂದದ್ದು ನಾನು ಕೇಳಿಲ್ಲ. ಪುಟ್ಟಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಏರು ಹತ್ತಿ ಹೋಗಿ, ಅಪ್ಪನ ಕೈ ಹಿಡಿದಳು. ಉಳಿದಿದ್ದ ಐದು ಗೇಟುಗಳನ್ನು ಇಬ್ಬರೂ ನಿಧಾನವಾಗಿ, ವಾಲುತ್ತಾ ತಡವರಿಸುತ್ತಾ ಇಳಿಯತೊಡಗಿದರು.

ಎಷ್ಟೋ ವರ್ಷದ ಸೇಡು ತೀರಿಸಿಕೊಳ್ಳುವ ಅವಕಾಶ ಬಿಡುತ್ತೇನೆಯೇ? ಕಣ್ಣೊರೆಸಿಕೊಂಡು ತೋರುಬೆರಳು ಎತ್ತಿದೆ. "ಭಾವ! ಕೈ ಹಿಡ್ಕೊಂಡ್ರಿ! ಹೊರಗಿನವರ ಸಹಾಯ! ಡಿಸ್‌ಕ್ವಾಲಿಫೈಡ್!"

ಭಾವ ತಿರುಗಿಯೂ ನೋಡಲಿಲ್ಲ.

"ಹೊರಗಿನವಳಲ್ಲ ಕಣಯ್ಯ," ಎಂದರು. "ನನ್ನ ಮಗಳು."